ತಗಡಿನತ್ತೆ ಆರಿಸಿದ ಕ್ಯಾಲ್ಕುಲೇಟರ್

ನಮ್ಮತ್ತೆ ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಿದಳೆಂದರೆ ಒಳಗಿದ್ದವರಿಗೆ ಅರ್ಧ ದಿನದ ಕೆಲಸ ಸಿಕ್ಕಿತೆಂದೇ ಲೆಕ್ಕ. ಬಕೆಟ್ಟಾದರೆ ಅದರ ತುಂಬ ನೀರು ಹಾಕಿಸಿ ಎತ್ತಿ ನೋಡಬೇಕು. ಕುರ್ಚಿಯಾದರೆ ಕೂತರೆ ಸಾಲದು, ಹಿಂದಕ್ಕೆ ಒರಗಿ ಎರಡೇ ಕಾಲಿನ ಮೇಲೆ ನಿಲ್ಲಿಸಿ, ಅದು ಕಿರ್ ಎನ್ನುತ್ತದೋ ಎಂದು ಕಿವಿಗೊಡಬೇಕು. ಮಾರುವವನು ಬಾಯಿ ತೆರೆದರೆ, "ನೀವು ಸುಮ್ನಿರಿ, ಅದೇ ಹೇಳ್ಲಿ" ಎಂದುಬಿಡುವಳು. ಚಿಕ್ಕವಳಿದ್ದಾಗ ಅವಳ ಜತೆ ಅಂಗಡಿಗೆ ಹೋಗುವುದೆಂದರೆ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸುತ್ತಿತ್ತು. ಈಗ ಅವಳ ಬಗ್ಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ಜಂಬ ಎಂದುಕೊಂಡರೆ ಅಂದುಕೊಳ್ಳಿ, ಜಂಬವೇ.

ಅವಳು ನಮ್ಮಪ್ಪನ ಅಕ್ಕ. ಬೀದಿಯವರಿಗೆಲ್ಲ ತಗಡಿನತ್ತೆ. ಓದಿದ್ದು ಏಳನೇ ತರಗತಿ. ಅಜ್ಜನಿಂದ ಬಂದ ತಗಡಿನ ಕೆಲಸದ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಬೇಕರಿಯ ಒಲೆಗೆ ಹೊಗೆಯ ಕೊಳವೆ, ಹೋಟೆಲಿನ ಅಡುಗೆಮನೆಗೆ ಬಿಸಿಗಾಳಿ ಹೊರಹೋಗುವ ಕೊಳವೆ, ಮನೆಗಳ ಸೂರಿಗೆ ನೀರು ಹರಿಯುವ ದೋಣಿ, ಹೀಗೆ ಕೈತುಂಬ ಕೆಲಸ. ಉದ್ದನೆಯ ಇಕ್ಕಟ್ಟಾದ ಕೋಣೆ, ಗೋಡೆಗೆ ಒರಗಿಸಿದ ತಗಡಿನ ಹಾಳೆಗಳು, ನಡುವೆ ಅಂಚಿಗೆ ಕಬ್ಬಿಣದ ಪಟ್ಟಿ ಹೊಡೆದ ಮೇಜು. ಅಪ್ಪ ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರು, ಅಮ್ಮನಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಹಾಗಾಗಿ ಶಾಲೆ ಬಿಟ್ಟ ಮೇಲೆ ನನ್ನ ಜಾಗ ಆ ಮೇಜಿನ ತುದಿ. ಸುತ್ತಿಗೆಯ ಸದ್ದಿನಲ್ಲೇ ಓದಿ ಬೆಳೆದವಳು ನಾನು. ಈಗಲೂ ತೀರಾ ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿದರೆ ನನಗೆ ಒಂದು ಲೆಕ್ಕವೂ ತಲೆಗೆ ಹತ್ತುವುದಿಲ್ಲ.

ಅತ್ತೆಯ ಕೈಚಳಕವೆಲ್ಲ ಕೊಳವೆಯ ತಿರುವಿನಲ್ಲಿತ್ತು. ಗೋಡೆ ದಾಟಿದ ಕೊಳವೆ ಮೇಲಕ್ಕೆ ತಿರುಗಬೇಕಾದ ಕಡೆ ಎರಡು ತುಂಡುಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಬೇಕು. ಕತ್ತರಿಸುವುದು ತಗಡು ಚಪ್ಪಟೆ ಹಾಳೆಯಾಗಿರುವಾಗಲೇ, ಸುತ್ತಿದ ಮೇಲಲ್ಲ. ಹಾಳೆಯ ಮೇಲೆ ನೇರ ಗೆರೆ ಎಳೆದರೆ ಕೆಲಸ ಕೆಟ್ಟಿತು. ಅಲ್ಲಿ ಬೇಕಾದದ್ದು ಏರಿ, ಇಳಿದು, ಮತ್ತೆ ಏರುವ ಒಂದು ಅಲೆ. ಅತ್ತೆ ಕೈವಾರದಿಂದ ವೃತ್ತ ಹಾಕಿ, ಅದನ್ನು ಹನ್ನೆರಡು ಪಾಲು ಮಾಡಿ, ಒಂದೊಂದು ಪಾಲಿನ ಎತ್ತರವನ್ನೂ ಹಾಳೆಯ ಮೇಲೆ ಚುಕ್ಕೆ ಇಟ್ಟು, ಚುಕ್ಕೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಸೇರಿಸುವಳು. ಅಜ್ಜ ಕಲಿಸಿದ ವಿದ್ಯೆ ಅದು. ಅವಳು ಅದನ್ನು 'ತಿರುವಿನ ಗೆರೆ' ಎನ್ನುತ್ತಿದ್ದಳು. ನಾನು ದಿನಾ ನೋಡುತ್ತಿದ್ದೆ, ನೋಡಿಯೂ ನೋಡಿರಲಿಲ್ಲ.

ನಾನು ಹನ್ನೊಂದನೇ ತರಗತಿಗೆ ಬಂದ ವರ್ಷ ಈ ಕಥೆ ನಡೆದದ್ದು. ಶಾಲೆಯಲ್ಲಿ ಗಣಿತ ಎರಡು ಬಗೆ, ಒಂದು ಸಾಧಾರಣ, ಇನ್ನೊಂದು ಕಷ್ಟದ್ದು. ಕಷ್ಟದ್ದನ್ನು ಎಲ್ಲರೂ 'ದೊಡ್ಡ ಗಣಿತ' ಎನ್ನುತ್ತಿದ್ದರು. ಅದಕ್ಕೆ ಹದಿನೆಂಟೇ ಸೀಟು. ಪ್ರವೇಶ ಪರೀಕ್ಷೆಯಲ್ಲಿ ನಾನು ನಾಲ್ಕನೆಯವಳಾಗಿ ಬಂದೆ. ಖುಷಿಯಲ್ಲಿ ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರನೇ ದಿನ ಗಣಿತದ ಮೇಡಂ ಒಂದು ಪಟ್ಟಿ ಹಂಚಿದರು. ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಬೇಕು, ಪರೀಕ್ಷೆಗೆ ಒಪ್ಪಿಗೆ ಇರುವುದು ಈ ಆರು ಮಾದರಿಗಳಿಗೆ ಮಾತ್ರ. ಸೋಮವಾರ ಎಲ್ಲರೂ ತರಗತಿಗೆ ತಂದು ನಡೆಸಿ ತೋರಿಸಬೇಕು. ತರದವರ ಸೀಟು, ತಂದದ್ದು ಕೆಲಸ ಮಾಡದವರ ಸೀಟು, ಸೀಟು ಸಿಗದೆ ಹಿಂದಿನ ಬೆಂಚಿನಲ್ಲಿ ಕಾಯುತ್ತಿರುವ ಮೂವರಿಗೆ. ಶಾಲೆಯಲ್ಲಿದ್ದ ಹಳೆಯವು ಆ ವರ್ಷವೇ ಕೈಕೊಟ್ಟಿದ್ದವು.

ಹೊಸದರ ಬೆಲೆ ಕೇಳಿ ಅಪ್ಪ ಬೆರಳಲ್ಲಿ ಎರಡು ಸಲ ಲೆಕ್ಕ ಹಾಕಿದ. ಆಮೇಲೆ ಒಂದು ಲಕೋಟೆ ತಂದು ಅತ್ತೆಯ ಕೈಗಿಟ್ಟ. ಅದರಲ್ಲಿದ್ದದ್ದು ಹೊಸದರ ಬೆಲೆಯ ಮೂರರಲ್ಲೊಂದು ಪಾಲು.

"ಅಕ್ಕಾ, ನಾಳೆ ಬಸ್ಸು ಹತ್ತಿದ್ರೆ ನಾನು ಬರೋದು ಮಂಗಳವಾರ. ನೀನೇ ಇವಳನ್ನ ಕರ್ಕೊಂಡು ಹೋಗು. ನಾನಾದ್ರೆ ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದ್ಬಿಡ್ತೀನಿ."

"ಕ್ಯಾಲ್ಕುಲೇಟರ್ ಬಗ್ಗೆ ನನಗೇನು ಗೊತ್ತೋ?"

"ನಿನಗೆ ಗೊತ್ತಿಲ್ಲದಿದ್ರೂ ಪರವಾಗಿಲ್ಲ. ನಿನಗೆ ಮೋಸ ಮಾಡೋಕೆ ಯಾರಿಗೂ ಬರಲ್ವಲ್ಲ, ಅಷ್ಟು ಸಾಕು," ಎಂದ ಅಪ್ಪ.

ಶನಿವಾರ ಬೆಳಿಗ್ಗೆ ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ಟೈ ಕಟ್ಟಿದ್ದ ಮಾರಾಟದವನು ಬಣ್ಣದ ಪರದೆಯ ಒಂದನ್ನು ಹೊರತೆಗೆದು ಮೆತ್ತನೆಯ ಬಟ್ಟೆಯ ಮೇಲಿಟ್ಟ.

"ಇದೊಂದಿದ್ರೆ ನಿಮ್ಮ ಮಗಳು ತಲೆ ಕೆಡಿಸ್ಕೊಳ್ಳೋದೇ ಬೇಡ ಮೇಡಂ. ಸಮೀಕರಣ ಕೊಟ್ರೆ ಹೆಜ್ಜೆ ಹೆಜ್ಜೆಯಾಗಿ ಇದೇ ಬಿಡಿಸಿ ಉತ್ತರ ಕೊಡುತ್ತೆ."

"ಎಲ್ಲಾ ಇದೇ ಬಿಡಿಸಿದ್ರೆ ಇವಳನ್ನ ಶಾಲೆಗೆ ಯಾಕೆ ಕಳಿಸೋದು? ಇದನ್ನೇ ಕಳಿಸ್ತೀವಿ. ಊಟದ ಡಬ್ಬಿ ಕಟ್ಟೋದೂ ಉಳಿಯುತ್ತೆ."

ಅವನು ನಕ್ಕ, ಅತ್ತೆ ನಗಲಿಲ್ಲ. ನಾನು ಪಟ್ಟಿಯ ಕೆಳಗೆ ನೋಡಿದೆ. ತಾನೇ ಸಮೀಕರಣ ಬಿಡಿಸುವಂಥದ್ದು ಪರೀಕ್ಷೆಯಲ್ಲಿ ನಡೆಯುವುದಿಲ್ಲ ಎಂದು ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು. ಅತ್ತೆ ಅದನ್ನು ಓದಿರಲೇ ಇಲ್ಲ. ಪಟ್ಟಿಯಲ್ಲಿದ್ದ ಮಾದರಿಗಳಲ್ಲಿ ಅಲ್ಲಿ ಸಿಗುತ್ತಿದ್ದ ಅಗ್ಗದ್ದಕ್ಕೂ ನಮ್ಮ ಲಕೋಟೆಯಂಥ ಮೂರು ಲಕೋಟೆ ಬೇಕಿತ್ತು. ಹೊರಗೆ ಬಂದಾಗ ನನ್ನ ಮುಖ ಬಾಡಿ ಹೋಗಿತ್ತು.

"ಇಷ್ಟಕ್ಕೇ ಯಾಕೆ ಮುಖ ಹೀಗೆ ಮಾಡ್ತೀಯೇ ಮೆಣಸಿನಕಾಳು?" ಎಂದಳು ಅತ್ತೆ. ನನ್ನ ಸಿಟ್ಟಿಗೆ ಅವಳಿಟ್ಟ ಹೆಸರದು. "ನನ್ನ ಮೇಜಿನ ಮೇಲಿರೋ ಒಂದಾದ್ರೂ ಸಾಮಾನು ಹೊಸದಾಗಿ ತಂದದ್ದಾ? ನಡಿ."

ಎರಡು ಬೀದಿ ಆಚೆ ಹಳೇ ಸಾಮಾನಿನ ಅಂಗಡಿ. ಕೆಟ್ಟ ರೇಡಿಯೋ, ಗಡಿಯಾರ, ಫೋನುಗಳ ನಡುವೆ ದಪ್ಪ ಕನ್ನಡಕದ ಯಜಮಾನರು ಕೂತಿದ್ದರು. ಪಟ್ಟಿ ನೋಡಿ, ಪಟ್ಟಿಯಲ್ಲಿದ್ದ ಮಾದರಿಯದೇ ಎರಡು ಕ್ಯಾಲ್ಕುಲೇಟರ್ ತೆಗೆದಿಟ್ಟರು. ಒಂದೊಂದಕ್ಕೂ ಹೊಸದರ ಅರ್ಧ ಬೆಲೆ. ಅದೂ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅತ್ತೆಯ ಕಣ್ಣು ಆಗಲೇ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಹೋಗಿತ್ತು. ಅದರ ಮೇಲೆ 'ಕೆಟ್ಟವು, ಬಿಡಿಭಾಗಕ್ಕೆ' ಎಂದು ಬರೆದಿತ್ತು. ಒಳಗೆ ಅದೇ ಮಾದರಿಯ ಐದು ಇದ್ದವು, ಒಂದೊಂದಕ್ಕೆ ಹೊಸದರ ಕಾಲು ಬೆಲೆ.

"ಇದಕ್ಕೇನಾಗಿದೆ?" ಎಂದು ಅತ್ತೆ ಒಂದನ್ನು ಎತ್ತಿಕೊಂಡಳು.

"ಕೂಡೋದು ಕಳೆಯೋದು ಚೆನ್ನಾಗೇ ಮಾಡುತ್ತಮ್ಮ. ಅಲೆ ಬಿಡಿಸು ಅಂದ್ರೆ ಮಾತ್ರ ಅಡ್ಡಗೆರೆ ಎಳೆಯುತ್ತೆ. ವಾಪಸ್ ಕೊಟ್ಟವರೇ ಹೇಳಿದ್ದು," ಎಂದು ಯಜಮಾನರು ಬ್ಯಾಟರಿ ಹಾಕಿಕೊಟ್ಟು, ರೇಡಿಯೋ ಹಿಡಿದು ಬಂದ ಇನ್ನೊಬ್ಬ ಗಿರಾಕಿಯ ಕಡೆ ಹೋದರು.

ಅತ್ತೆಯ ಪರೀಕ್ಷೆ ಶುರುವಾಯಿತು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಒಂದೊಂದೇ ಗುಂಡಿ ಒತ್ತಿ ಕಿವಿಗೊಟ್ಟಳು. ಐವತ್ತು ಗುಂಡಿಯಲ್ಲಿ ಒಂದೂ ಬಿಡಲಿಲ್ಲ. ಅಲುಗಾಡಿಸಿದಳು. ಒಳಗೆ ಏನೂ ಸದ್ದಾಗಲಿಲ್ಲ. "ಮೈಕೈ ಗಟ್ಟಿ ಇದೆ. ಅದೇನು ಅಲೆಯೋ, ನೀನೇ ಬಿಡಿಸು ನೋಡೋಣ," ಎಂದು ನನ್ನ ಕೈಗೆ ಕೊಟ್ಟಳು.

ನಾನು ಸೈನ್ ಗುಂಡಿ ಒತ್ತಿ ಗ್ರಾಫ್ ಕೇಳಿದೆ. ತರಗತಿಯಲ್ಲಿ ಮೇಡಂ ಅದನ್ನೇ ಒತ್ತಿದಾಗ ಚೆಂದದ ಅಲೆ ಬಂದಿತ್ತು. ಇಲ್ಲಿ ಪರದೆಯ ನಡುವೆ ಒಂದು ಅಡ್ಡಗೆರೆ ಮಲಗಿತು.

"ಕೆಟ್ಟಿದೆ ಅತ್ತೆ. ಬಾ ಹೋಗೋಣ."

"ಇರು. ಏನು ಬರ್ಬೇಕಿತ್ತು?"

ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬಿಡಿಸಿ ತೋರಿಸಿದೆ. ಅತ್ತೆ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿದಳು. "ಇದು ತಿರುವಿನ ಗೆರೆ ಅಲ್ವೇನೇ?"

"ಅಲ್ಲ ಅತ್ತೆ. ಇದು ಸೈನ್. ದೊಡ್ಡ ಗಣಿತದ್ದು," ಎಂದೆ. ಯಾವ ದನಿಯಲ್ಲಿ ಹೇಳಿದೆ ಎಂದು ನೆನೆಸಿಕೊಂಡರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

"ಹೆಸರು ನೀವು ಏನಾದ್ರೂ ಇಟ್ಕೊಳ್ಳಿ. ಈ ಪರದೆ ಎಡದಿಂದ ಬಲಕ್ಕೆ ಎಷ್ಟು ತೋರಿಸ್ತಿದೆ?"

"ಮೈನಸ್ ಹತ್ತರಿಂದ ಹತ್ತು."

"ಹತ್ತು ಏನು?"

ನಾನು ಆ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ. ಹುಡುಕಿ ನೋಡಿದರೆ ಡಿಗ್ರಿ ಎಂದಿತ್ತು. ಮೇಡಂ ತೋರಿಸಿದ ದಿನ ಅವರ ಯಂತ್ರದಲ್ಲಿ ಕೋನ ಅಳೆಯುವ ಕ್ರಮವೇ ಬೇರೆ ಇತ್ತು, ಅಷ್ಟೇ ಜಾಗದಲ್ಲಿ ಅಲೆ ಮೂರು ಸಲ ಏರಿಳಿದಿತ್ತು. ಅದು ನನಗೆ ಹೊಳೆದದ್ದು ಆಮೇಲೆ.

"ಡಿಗ್ರಿನಾ? ಹಾಗಾದ್ರೆ ಪಾಪ ಅದರ ತಪ್ಪೇನಿದೆ? ಇಪ್ಪತ್ತು ಡಿಗ್ರಿ ಕೇಳಿದೀಯ, ಇಪ್ಪತ್ತು ಕೊಟ್ಟಿದೆ. ಹನ್ನೆರಡರಲ್ಲಿ ಒಂದು ಪಾಲೂ ಪೂರ್ತಿ ಆಗ್ಲಿಲ್ಲ. ಅಷ್ಟು ಚೂರನ್ನ ನಾನು ಕತ್ತರಿಸಿಕೊಟ್ರೂ ನೇರಾನೇ ಕಾಣೋದು. ಕೊಳವೆ ಪೂರ್ತಿ ಸುತ್ತಿ ಬರೋಕೆ ಮುನ್ನೂರ ಅರವತ್ತು ಬೇಡ್ವಾ?"

ನಾನು ಸೊನ್ನೆಯಿಂದ ಮುನ್ನೂರ ಅರವತ್ತು ಎಂದು ಕೊಟ್ಟೆ.

"ಮೇಲೆ ಕೆಳಗೆ ಎಷ್ಟಿದೆ?"

"ಹತ್ತು, ಹತ್ತು."

"ಗೆರೆ ಏರೋದು?"

"ಒಂದೇ."

"ಒಂದು ಏರೋ ಗೆರೆಗೆ ಹತ್ತರ ಹಾಳೆ ಯಾಕೆ ಹಾಳು ಮಾಡ್ತೀಯ? ಎರಡು ಇಡು, ಸಾಕು."

ಇಟ್ಟೆ. ಹಳೇ ಯಂತ್ರ, ನಿಧಾನ. ಎಡಗಡೆಯಿಂದ ಚುಕ್ಕೆಯ ಹಿಂದೆ ಚುಕ್ಕೆಯಾಗಿ ಏರತೊಡಗಿತು, ತುದಿ ಮುಟ್ಟಿತು, ಬಗ್ಗಿ ಇಳಿಯಿತು, ನಡುಗೆರೆ ದಾಟಿ ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ದಿನಾ ಮೇಜಿನ ಮೇಲೆ ಕಾಣುತ್ತಿದ್ದ ಗೆರೆಯೇ. ಅತ್ತೆಗೆ ಅಷ್ಟಕ್ಕೇ ಸಮಾಧಾನವಿಲ್ಲ.

"ಚೆಂದ ಇದ್ರೆ ಆಯ್ತಾ? ಅಳತೆ ಸರಿ ಇರ್ಬೇಕು. ತುದಿಯ ಎತ್ತರ ಹತ್ತಿಂಚು ಅಂತ ಇಟ್ಕೋ. ಒಂದನೇ ಪಾಲಿಗೆ, ಅಂದ್ರೆ ಮೂವತ್ತು ಡಿಗ್ರಿಗೆ, ಐದಿಂಚು. ಎರಡನೇದಕ್ಕೆ ಎಂಟೂ ಮುಕ್ಕಾಲಿಗೆ ಒಂಚೂರು ಕಮ್ಮಿ. ಮೂರನೇದಕ್ಕೆ ಹತ್ತು. ಅದೇನು ಹೇಳುತ್ತೆ ಕೇಳು."

ಮೂವತ್ತಕ್ಕೆ ಯಂತ್ರ ಸೊನ್ನೆ ಬಿಂದು ಐದು ಎಂದಿತು. ಅರವತ್ತಕ್ಕೆ ಸೊನ್ನೆ ಬಿಂದು ಎಂಟು ಆರು ಆರು. ತೊಂಬತ್ತಕ್ಕೆ ಒಂದು. ಹತ್ತರಿಂದ ಗುಣಿಸಿದರೆ ಅತ್ತೆಯ ಇಂಚುಗಳೇ. ಹನ್ನೆರಡೂ ಪಾಲನ್ನು ಅತ್ತೆ ಮೊದಲು ಹೇಳಿದಳು, ಯಂತ್ರ ಆಮೇಲೆ ಹೇಳಿತು. ಎಲ್ಲೂ ತಪ್ಪಲಿಲ್ಲ. ಪರೀಕ್ಷೆಯಲ್ಲಿ ಪಾಸಾದದ್ದು ಇಬ್ಬರಲ್ಲಿ ಯಾರು ಎಂದು ನನ್ನನ್ನು ಕೇಳಿದರೆ, ಯಂತ್ರ ಎನ್ನುತ್ತೇನೆ.

ನಾನು ಅತ್ತೆಯ ಸೆರಗು ಜಗ್ಗಿದೆ. "ಬೇಗ ದುಡ್ಡು ಕೊಟ್ಟು ಹೊರಡೋಣ," ಎಂದು ಪಿಸುಗುಟ್ಟಿದೆ. ಯಜಮಾನರು ಇನ್ನೂ ರೇಡಿಯೋದೊಳಗೆ ತಲೆ ಹಾಕಿದ್ದರು. ಕಾಲು ಬೆಲೆಗೆ ಸೀಟು ನನ್ನದಾಗುತ್ತಿತ್ತು, ಲಕೋಟೆಯಲ್ಲಿ ಇನ್ನಷ್ಟು ಮಿಗುತ್ತಿತ್ತು. ಅತ್ತೆ ನನ್ನ ಕೈ ಬಿಡಿಸಿಕೊಂಡು ನೇರ ಅವರ ಮುಂದೆ ಹೋಗಿ ನಿಂತಳು.

"ಯಜಮಾನ್ರೇ, ಇದು ಕೆಟ್ಟಿಲ್ಲ. ನೋಡಿ."

ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಹಾಗಾದ್ರೆ ಇದರ ಬೆಲೆ ಬೇರೆ ಆಗುತ್ತಮ್ಮ. ಮೇಲೆ ತೆಗೆದಿಟ್ಟಿರೋ ಆ ಎರಡರ ಬೆಲೆ."

"ಆಗ್ಲೇಬೇಕು," ಎಂದಳು ಅತ್ತೆ.

ನನಗೆ ಸಿಟ್ಟು ನೆತ್ತಿಗೇರಿತು. ಸೋಮವಾರ ಹಿಂದಿನ ಬೆಂಚಿನಿಂದ ಯಾರೋ ಎದ್ದು ಬಂದು ನನ್ನ ಜಾಗದಲ್ಲಿ ಕೂರುವುದು ಕಣ್ಣಿಗೆ ಕಟ್ಟಿತು. "ನನ್ನ ಸೀಟು ಹೋಯ್ತು, ನಿನಗೇನು!" ಎಂದು ಎಲ್ಲರೆದುರೇ ಕೂಗಿಬಿಟ್ಟೆ.

ಅತ್ತೆ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಕೆಟ್ಟಿದೆ ಅಂತ ನಾನು ಮೂಲೆಗೆ ಹಾಕಿದ ಒಳ್ಳೇ ಕೊಳವೆನ, ಒಳ್ಳೇದು ಅಂತ ಗೊತ್ತಿದ್ದೂ ಯಾರಾದ್ರೂ ಬಾಯಿಮುಚ್ಕೊಂಡು ಹೊತ್ಕೊಂಡು ಹೋದ್ರೆ, ಅವರ ಮುಖ ನೋಡ್ತೀನಾ ನಾನು? ನಿನ್ನ ಮುಖ ನಾನು ದಿನಾ ನೋಡ್ಬೇಕು ಕಣೇ." ಆಮೇಲೆ ಯಜಮಾನರಿಗೆ, "ಪೆಟ್ಟಿಗೇಲಿ ಇನ್ನೂ ನಾಲ್ಕಿವೆ. ನಮ್ಮ ಹುಡುಗಿ ನೋಡ್ತಾಳೆ. ಸರಿ ಬಂದ ಒಂದೊಂದಕ್ಕೂ ಏನು ಕೂಲಿ ಕೊಡ್ತೀರಿ, ಹೇಳಿ. ಕಮ್ಮಿ ಹೇಳಿದ್ರೆ ನಾವು ಮುಟ್ಟಲ್ಲ," ಎಂದಳು.

ಯಜಮಾನರು ಪೆಟ್ಟಿಗೆಯನ್ನು ಮೇಜಿನ ಮೇಲೆ ಎತ್ತಿಟ್ಟರು. ಆಮೇಲೆ ಒಂದು ಮೊತ್ತ ಹೇಳಿದರು. ಅತ್ತೆ ಅದನ್ನು ಸ್ವಲ್ಪ ಏರಿಸಿದಳು. ನಾನು ಕಣ್ಣೊರೆಸಿಕೊಂಡು ಸ್ಟೂಲಿನ ಮೇಲೆ ಕೂತೆ.

ಎರಡು ಯಂತ್ರಗಳಿಗೆ ಇದ್ದ ರೋಗ ಇದೇ. ಅಳತೆ ಬದಲಿಸಿದ ಕೂಡಲೇ ಅಲೆ ಎದ್ದಿತು. ಒಂದರ ಪರದೆ ನಿಜವಾಗಿಯೂ ಸತ್ತಿತ್ತು. ನಾಲ್ಕನೆಯದು ಉಸಿರೇ ಆಡುತ್ತಿರಲಿಲ್ಲ. ಹಿಂಬದಿ ತೆರೆದರೆ ಬ್ಯಾಟರಿ ತಾಗುವ ತಗಡಿನ ನಾಲಿಗೆಗೆ ಹಸಿರು ಕಿಲುಬು ಹಿಡಿದಿತ್ತು. ತಗಡು ಎಂದ ಮೇಲೆ ಅತ್ತೆ ಸುಮ್ಮನಿರುತ್ತಾಳೆಯೇ? ಕೀಲಿಗೊಂಚಲಿನಲ್ಲಿದ್ದ ಪುಟ್ಟ ಅರದಿಂದ ಉಜ್ಜಿ ಹೊಳಪು ಬರಿಸಿಕೊಟ್ಟಳು. ನಾನು ಹನ್ನೆರಡು ಪಾಲನ್ನೂ ಕೇಳಿ ಪರೀಕ್ಷಿಸಿದೆ. ಒಟ್ಟು ಮೂರು ಸರಿಬಂದವು. ಆ ಕೂಲಿಯೂ ಅಪ್ಪನ ಲಕೋಟೆಯೂ ಸೇರಿ ಅರ್ಧ ಬೆಲೆಗೆ ಸರಿಯಾಯಿತು. ಯಜಮಾನರು ಕೂಲಿಯ ದುಡ್ಡನ್ನು ಅತ್ತೆಯ ಕಡೆ ಚಾಚಿದಾಗ ಅವಳು ಕೈ ಹಿಂದಕ್ಕೆಳೆದುಕೊಂಡು, "ಕೆಲಸ ಮಾಡಿದ್ದು ಅವಳು," ಎಂದಳು. ದುಡ್ಡು ನನ್ನ ಅಂಗೈಗೆ ಬಂತು. ಅಲ್ಲಿಂದ ಅವರ ಮೇಜಿಗೆ ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಆ ಒಂದು ನಿಮಿಷ ನಾನು ಎಷ್ಟು ಎತ್ತರ ಬೆಳೆದೆ ಎಂದು ನನಗೇ ಗೊತ್ತು.

ಸೋಮವಾರ ತರಗತಿಯಲ್ಲಿ ಹದಿನೆಂಟು ಮೇಜಿನ ಮೇಲೆ ಹದಿನೆಂಟು ಯಂತ್ರ. ಬಹುಪಾಲು ಹೊಸವು, ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನದರ ಮೈತುಂಬ ಗೀರು, ಮುಚ್ಚಳವೂ ಇರಲಿಲ್ಲ. ಪಕ್ಕದವಳು ನೋಡಿ ಮೂಗು ಮುರಿದಳು. ಹಿಂದಿನ ಬೆಂಚಿನ ಮೂವರು ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. "ಸೈನ್ ಬಿಡಿಸಿ," ಎಂದು ಹೇಳಿ ಮೇಡಂ ಕೈಕಟ್ಟಿ ನಿಂತರು. ನನ್ನದರಲ್ಲಿ ಅಲೆ ಎದ್ದಿತು, ನಾಲ್ಕು ಹೊಸ ಯಂತ್ರಗಳಲ್ಲಿ ಅಡ್ಡಗೆರೆ ಬಂತು. ನಾಲ್ವರ ಮುಖದ ಬಣ್ಣ ಹೋಯಿತು. ಮೂಗು ಮುರಿದವಳಂತೂ ಅಳುವುದೊಂದು ಬಾಕಿ.

"ಇದು ಯಾಕೆ ಹೀಗೆ ಅಂತ ಯಾರು ಹೇಳ್ತೀರಿ?" ಎಂದು ಮೇಡಂ ಕೇಳಿದರು. ನಾನು ಕೈಯೆತ್ತಿದೆ. ಇಪ್ಪತ್ತು ಡಿಗ್ರಿ ಕೇಳಿದರೆ ಇಪ್ಪತ್ತೇ ಸಿಗುವುದು, ಕೊಳವೆ ಪೂರ್ತಿ ಸುತ್ತಿ ಬರಬೇಕು ಎಂದು, ಅತ್ತೆ ಹೇಳಿದ ಹಾಗೇ ಹೇಳಿದೆ. ಪಕ್ಕದವಳ ಯಂತ್ರ ತೆಗೆದುಕೊಂಡು ಅಳತೆ ಬದಲಿಸಿದೆ. ಅಲೆ ಬಂತು. ಮೇಡಂ ನನ್ನ ಹೆಸರಿನ ಮುಂದೆ ಗುರುತು ಹಾಕಿದರು, ಸೀಟು ನನ್ನದಾಯಿತು. ಆದರೆ ಅವರು ಪೆನ್ನು ಕೆಳಗಿಡಲಿಲ್ಲ.

"ಕೊಳವೆ ಅಂದ್ಯಲ್ಲ. ಯಾರು ಹೇಳಿಕೊಟ್ಟಿದ್ದು ನಿನಗೆ?"

"ನಮ್ಮತ್ತೆ ಮೇಡಂ. ತಗಡಿನ ಕೆಲಸ ಮಾಡ್ತಾರೆ."

"ಒಂದು ದಿನ ಅವರು ಇಲ್ಲಿಗೆ ಬರ್ತಾರಾ, ಕೇಳು. ಇವರಿಗೆಲ್ಲ ತೋರಿಸ್ಲಿ. ನಾನೂ ನೋಡ್ಬೇಕು."

ಅತ್ತೆ ಮೊದಲು "ಹೋಗೇ, ನನಗೆ ಬೇರೆ ಕೆಲಸ ಇಲ್ವಾ" ಎಂದಳು. ಆಮೇಲೆ ಯಾವ ದಿನ, ಎಷ್ಟು ಹೊತ್ತಿಗೆ, ಮೇಜು ಎಷ್ಟು ಉದ್ದವಿದೆ ಎಂದು ಮೂರು ಸಲ ಕೇಳಿದಳು. ಬಂದ ದಿನ ಇಸ್ತ್ರಿ ಮಾಡಿದ ಸೀರೆ, ಬಗಲಲ್ಲಿ ತಗಡಿನ ಹಾಳೆ. ಕರಿಹಲಗೆಯ ಮುಂದೆ ನಿಂತು ವೃತ್ತ ಹಾಕಿ, ಹನ್ನೆರಡು ಪಾಲು ಮಾಡಿ, ಚುಕ್ಕೆಗಳನ್ನು ಸೇರಿಸಿ, ಕತ್ತರಿಸಿ, ಸುತ್ತಿ, ಎರಡು ತುಂಡನ್ನು 'ಠಕ್' ಎಂದು ಕೂಡಿಸಿದಾಗ ನಡುವೆ ಬೆಳಕು ಕೂಡ ನುಸುಳದ ತಿರುವು. ತರಗತಿ ಎದ್ದು ಚಪ್ಪಾಳೆ ತಟ್ಟಿತು. ಮೇಡಂ ಹಲಗೆಯ ಮೇಲೆ ಆ ಗೆರೆಯ ಸಮೀಕರಣ ಬರೆದು, "ನಾನು ಕಾಲೇಜಿಗೆ ಹೋಗಿ ಕಲಿತದ್ದನ್ನ ನೀವು ಕೈಯಲ್ಲಿ ಇಟ್ಕೊಂಡಿದೀರಿ. ಈ ಮಕ್ಕಳಿಗೆ ಎರಡು ಮಾತು ಹೇಳಿ," ಎಂದರು.

ಅತ್ತೆ ಕೈಯ ಧೂಳು ಒರೆಸಿಕೊಂಡಳು. ಅವಳಿಗೆ ಭಾಷಣ ಬರುವುದಿಲ್ಲ. ಸಮೀಕರಣವನ್ನು ಒಮ್ಮೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಈ ಗೆರೆ ನಮ್ಮಪ್ಪ ಹೇಳಿಕೊಟ್ಟಿದ್ದು, ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ," ಎಂದಳು. "ಆದ್ರೆ ಅಲ್ಲಿ ಎರಡನೇ ಸಾಲಲ್ಲಿ ಗೀರು ಬಿದ್ದ ಒಂದು ಮಿಷನ್ ಇದೆಯಲ್ಲ, ಅದನ್ನ ನಮ್ಮ ಹುಡುಗಿ ಕೂಲಿ ಮಾಡಿ ತಗೊಂಡಿದ್ದು. ನೋಡೋದಾದ್ರೆ ಅದನ್ನ ನೋಡಿ."

ಹದಿನೇಳು ತಲೆಗಳು ನನ್ನ ಕಡೆ ತಿರುಗಿದವು. ನಾನು ಕ್ಯಾಲ್ಕುಲೇಟರನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ.